ಮೂರನೇ ಸೀಟು

ಗಡಿ ಅಂದ್ರೆ ನನಗೆ ನಮ್ಮನೆ ಹೊಸಿಲಿದ್ದ ಹಾಗೆ. ಗಡಿಯಾಚೆ ಪರದೇಶದ ಲೋಮೆಯಿಂದ ಬಟ್ಟೆ ತಂದು ಈಚೆ ನಮ್ಮ ಆಫ್ಲಾವೊ ಸಂತೆಯಲ್ಲಿ ಮಾರೋಳು ನಾನು. ಮದುವೆಯಾಗಿ ಬಂದಾಗಿನಿಂದ ಇದೇ ಕೆಲಸ. ಯಾವ ಆಫೀಸರು ಹೆಂಡತಿ ಹತ್ರ ಬೈಸಿಕೊಂಡು ಡ್ಯೂಟಿಗೆ ಬಂದಿದಾನೆ ಅಂತ ಮುಖ ನೋಡಿಯೇ ಹೇಳಿಬಿಡ್ತೀನಿ. ಅಂಥೋಳು ಜೊತೇಲೇ ಇದ್ದೂ ನನ್ನ ಓರಗಿತ್ತಿ ಕಾಫುಯಿಗೆ ಅವತ್ತು ಒಂದು ಹುಲ್ಲುಕಡ್ಡಿಯಷ್ಟು ಸಹಾಯ ಮಾಡೋಕಾಗಲಿಲ್ಲ.

ಕಾಫುಯಿ ನನ್ನ ಮೈದುನನ ಹೆಂಡತಿ. ಮೈದುನ ಯಾವತ್ತೋ ಕಡಲು ಪಾಲಾದ. ಉಳಿದವನು ಒಬ್ಬನೇ ಮಗ, ಸೆಲಾಸಿ. ನಮ್ಮೂರು ಆನ್‌ಲೊಗದಲ್ಲಿ ಅವಳದ್ದು ನಾಲ್ಕು ಮಡಿ ಸಣ್ಣ ಈರುಳ್ಳಿ, ಅದು ಬಿಟ್ರೆ ಮಗ. ಸುಳ್ಳು ಅನ್ನೋದು ಅವಳ ನಾಲಿಗೆಗೆ ಹತ್ತಲ್ಲ ಕಣ್ರೀ. ಸಂತೇಲಿ ಕೂತು, "ತಡೀರಿ, ಆ ಗೊಂಚಲಲ್ಲಿ ಎರಡು ಕೊಳೆತಿದೆ, ಬೇರೆ ಕೊಡ್ತೀನಿ" ಅಂತ ಗಿರಾಕಿಗೆ ಹೇಳೋ ಹೆಂಗಸು! ನಾನು ಎಷ್ಟು ಸಲ ತಲೆ ಚಚ್ಚಿಕೊಂಡಿಲ್ಲ.

ಸೆಲಾಸಿ ಎರಡು ಗಡಿ ಆಚೆ, ಕೊಟೊನು ಬಂದರಿನಲ್ಲಿದ್ದ. ಹಡಗಿನಲ್ಲಿ ಬರೋ ಹಳೇ ಕಾರುಗಳನ್ನ ಇಳಿಸೋ ಕೆಲಸ. ಒಂದಿನ ಅವನ ಕೋಣೆ ಜೊತೆಗಾರ ಡೊಟ್ಸೆ ನನಗೆ ಫೋನ್ ಮಾಡಿದ. ಅವನೂ ನಮ್ಮ ಕಡೆಯವನೇ. "ಜ್ವರ ತಲೆಗೇರಿದೆ, ಅವ್ವ ಅವ್ವ ಅಂತಿದಾನೆ, ಕಳಿಸಿ" ಅಂದ. ಕಾಫುಯಿ ಹುಟ್ಟಿದಾಗಿಂದ ಗಡಿ ದಾಟಿದವಳಲ್ಲ. ಓಡಾಡಿ ಗುರುತಿನ ಚೀಟಿ ಮಾಡಿಸಿದೆ, ಹಳದಿ ಜ್ವರದ ಸೂಜಿ ಹಾಕಿಸಿದೆ, ಹಳದಿ ಕಾರ್ಡು ಕೈಗೆ ಕೊಟ್ಟು ಮಾರನೇ ದಿನಾನೇ ಕರಕೊಂಡು ಹೋದೆ. ಆಚೆ ಕಡೆ ಆರೋಗ್ಯದ ಮೇಜಿನವನು ಕಾರ್ಡು ತಿರುಗಿಸಿ ನೋಡಿ ವಾಪಸ್ ಕೊಟ್ಟ.

"ಸೂಜಿ ನಿನ್ನೆ ಹಾಕಿಸಿದ್ದು. ಹತ್ತು ದಿನ ಕಳೀಬೇಕು, ಆಮೇಲೇ ಈ ಕಾರ್ಡಿಗೆ ಜೀವ."

"ಅಷ್ಟು ದಿನ ಅಲ್ಲಿ ಮಲಗಿರೋನ ಜೀವ ಯಾರು ಹಿಡ್ಕೊಂಡಿರ್ತಾರೆ, ನಿಮ್ಮಪ್ಪನಾ?" ಅಂತ ನಾನು ಕೂಗಾಡಿದೆ.

"ಕಾಯಿದೆ ನಾನು ಬರೆದದ್ದಲ್ಲಮ್ಮ" ಅಂದ. ಅವನ ತಪ್ಪೂ ಅಲ್ಲ ಬಿಡಿ. ಮರಳ ಮೇಲಿನ ಕಳ್ಳದಾರೀಲಿ ಹೋಗೋಣ ಬಾರೇ ಅಂದ್ರೆ ಕಾಫುಯಿ ಒಪ್ಪಲಿಲ್ಲ. "ಕದ್ದು ಹೋಗಿ ಮುಂದಿನ ಗಡೀಲಿ ಸಿಕ್ಕಿಬಿದ್ರೆ ಅಲ್ಲಿಗೂ ಇಲ್ಲ ಇಲ್ಲಿಗೂ ಇಲ್ಲ ಅಕ್ಕ" ಅಂತ ಮನೆಗೆ ಬಂದು ಈರುಳ್ಳಿ ಮಡೀಲಿ ಕಳೆ ಕಿತ್ತಳು. ಹಗಲೆಲ್ಲ ಕಿತ್ತಳು. ಕಳೆ ಮುಗಿದ ಮೇಲೂ ಮಣ್ಣು ಕೆದರ್ತಾ ಕೂತಿರೋಳು.

ಕಾರ್ಡಿಗೆ ಜೀವ ಬಂದ ದಿನ ಹೊರಟ್ವಿ. ಕೊಟೊನು ತಲುಪಿದ್ರೆ, ಸೆಲಾಸಿ ಮಣ್ಣಾಗಿದ್ದ. ಫೋನಿನಲ್ಲಿ ಹೇಳೋಕೆ ಡೊಟ್ಸೆಗೆ ಧೈರ್ಯ ಬಂದಿರಲಿಲ್ಲ. ರಕ್ತಸಂಬಂಧ ಅಂತ ಸಹಿ ಹಾಕೋರು ಯಾರೂ ಇಲ್ಲ ಅಂತ, ದಿಕ್ಕಿಲ್ಲದವರ ಸಾಲಿನಲ್ಲಿ ಹೂತುಬಿಟ್ಟಿದ್ರು. ತಾಯಿ ಇದ್ದವನು ದಿಕ್ಕಿಲ್ಲದವನಾದ. ಗುಂಡಿ ತೋರಿಸೋಕೆ ಬಂದ ಡೊಟ್ಸೆಗೂ ಯಾವುದು ಅಂತ ಸರಿಯಾಗಿ ಗೊತ್ತಾಗಲಿಲ್ಲ.

ಆದ್ರೆ ಆ ಹುಡುಗನ ಹೊಟ್ಟೆ ತಣ್ಣಗಿರಲಿ, ಒಂದು ಕೆಲಸ ಮಾಡಿದ್ದ. ಮಣ್ಣು ಮಾಡೋ ಮೊದಲು ಸೆಲಾಸಿಯ ತಲೆಗೂದಲು, ಕೈಕಾಲಿನ ಉಗುರು ಕತ್ತರಿಸಿ ಬಿಳೀ ಬಟ್ಟೇಲಿ ಕಟ್ಟಿಟ್ಟಿದ್ದ. ನಮ್ಮಲ್ಲಿ ಪರಊರಲ್ಲಿ ಸತ್ತವನ ಹೆಣ ತರೋಕಾಗದಿದ್ರೆ ಕೂದಲು ಉಗುರು ತರ್ತಾರೆ. ಅದನ್ನ ಮನೆ ಮಣ್ಣಲ್ಲಿ ಇಟ್ರೆ ಅವನೇ ಬಂದ ಹಾಗೆ, ಹಿರಿಯರ ಜೊತೆ ಸೇರಿದ ಹಾಗೆ. ಇಲ್ಲಾಂದ್ರೆ ಅಲೀತಾ ಇರ್ತಾನೆ. ಕಾಫುಯಿ ಆ ಗಂಟನ್ನ ಎದೆಗೆ ಒತ್ತಿಕೊಂಡಳು. ಅಷ್ಟರವರೆಗೂ ಅತ್ತಿರಲಿಲ್ಲ, ಆಗ ಅತ್ತಳು.

ಊರಿಂದ ದೊಡ್ಡ ಮಾವ ಫೋನಿನಲ್ಲೇ ಬುದ್ಧಿ ಹೇಳಿದ್ರು. "ನೋಡಮ್ಮ ಕಾಫುಯಿ, ಗಂಟು ನೆಲಕ್ಕಿಡಬೇಡ. ಅವನು ನಿನ್ನ ಜೊತೆ ಬರ್ತಿದಾನೆ, ಅವನಿಗೂ ಒಂದು ಸೀಟು ಹಿಡಿ. ಹೊಳೆ ಬಂದ್ರೆ, ಗಡಿ ಬಂದ್ರೆ, ಹೆಸರು ಹಿಡಿದು ಕರಿ. ಯಾರೇ ಕೇಳಲಿ, ಜೊತೇಲಿಲ್ಲ ಅನ್ನಬೇಡ. ಹೆತ್ತ ಬಾಯಲ್ಲಿ ಇಲ್ಲ ಅಂತ ಬಂದ್ರೆ ಅಲ್ಲೇ ನಿಂತುಬಿಡ್ತಾನೆ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಮತ್ತೆ ಕರೆದ್ರೂ ಬರಲ್ಲ."

ಟ್ಯಾಕ್ಸೀಲಿ ಹಿಂದಿನ ಮೂರು ಸೀಟೂ ಹಿಡಿದ್ವಿ. ಆ ಕಿಟಕಿಗೆ ಅವಳು, ಈ ಕಿಟಕಿಗೆ ನಾನು, ನಡುವೆ ಖಾಲಿ. ಡ್ರೈವರು ಕನ್ನಡೀಲಿ ನೋಡಿ ಹಲ್ಲು ಕಿರಿದ. "ಏನಮ್ಮ, ಗಾಳಿಗೂ ಸೀಟಾ?"

"ನಿನ್ನ ಟೈರಿಗೆ ಗಾಳಿ ಇದೆಯಾ ನೋಡ್ಕೊ ಮೊದಲು" ಅಂದೆ. ಆಮೇಲೆ ಬಿಳೀ ಗಂಟು ಅವನ ಕಣ್ಣಿಗೆ ಬಿತ್ತು. ರೇಡಿಯೊ ಆರಿಸಿದ.

ಕಾಫುಯಿ ದಾರಿಯುದ್ದ ಮಾತಾಡ್ತಾನೇ ಇದ್ಲು, ಖಾಲಿ ಸೀಟಿನ ಜೊತೆ. "ಸೆಲಾಸಿ, ಮೋನೊ ಹೊಳೆ ಬಂತಪ್ಪಾ, ಹುಷಾರು." "ಎಷ್ಟು ಸೊರಗಿಹೋಗಿದೀಯೋ, ಆ ಡೊಟ್ಸೆ ಮಾಡೋ ಅಡುಗೆ ಒಂದು ಅಡುಗೆನಾ?" ದಾರೀಲಿ ಕರಿದ ಹಿಟ್ಟಿನುಂಡೆ ಕೊಂಡಾಗ ಒಂದನ್ನ ಸೀಟಿನ ಮೇಲಿಟ್ಟಳು. ನಾನು ಕಿಟಕಿ ಕಡೆ ತಿರುಗಿ ಕೂತೆ.

ಮೊದಲ ಗಡೀಲಿ ಒಬ್ಬ ಮುದಿ ಆಫೀಸರು. "ಎಷ್ಟು ಜನ ಅಜ್ಜಿ?" ಅಂದ.

"ನಾನು, ನಮ್ಮಕ್ಕ, ನನ್ನ ಮಗ" ಅಂದಳು ಕಾಫುಯಿ.

ಅವನು ಗಂಟು ನೋಡಿದ, ಅವಳನ್ನ ನೋಡಿದ, ಟೋಪಿ ತೆಗೆದ. "ಬಾಪ್ಪಾ, ದಾಟು. ಅವ್ವನ ಕೈ ಬಿಡಬೇಡ" ಅಂತ ಗಂಟಿಗೇ ಹೇಳಿ ಚೀಟಿಗಳ ಮೇಲೆ ಮುದ್ರೆ ಒತ್ತಿದ. ದಾಟಿದ ಮೇಲೆ ಕಾಫುಯಿ ನಕ್ಕಳು! "ನೋಡಿದ್ಯಾ ಅಕ್ಕ, ಪರದೇಶದವರೇ ದಾರಿ ಬಿಟ್ರು. ಇನ್ನು ಮುಂದಿರೋದು ನಮ್ಮದೇ ದೇಶ ತಾನೇ?"

ನಮ್ಮದೇ ದೇಶ. ಹೂಂ.

ನಾನು ಅಂದ್ಕೊಂಡಿದ್ದು, ಆಫ್ಲಾವೊ ಗಡಿಯ ಕಚೇರಿ ಕಿಟಕಿ ಹತ್ರ ಇಬ್ಬರ ಮಾತೂ ನಾನೇ ಆಡಿ ಮುಗಿಸಿಬಿಡ್ತೀನಿ ಅಂತ. ಆದ್ರೆ ಅವತ್ತು ಒಬ್ಬೊಬ್ಬರನ್ನೇ ಬಿಡ್ತಿದ್ರು. ನನ್ನ ಚೀಟಿಗೆ ಮುದ್ರೆ ಬಿತ್ತು, "ನಡಿ ನಡಿ" ಅಂತ ಕಂಬಿಯ ಈಚೆಗೆ ತಳ್ಳಿದ್ರು. ಕಾಫುಯಿ ಆಚೆ ಉಳಿದಳು. ಕಿಟಕೀಲಿ ಕೂತಿದ್ದವನು ಹೊಸಬ, ಉತ್ತರದ ಕಡೆಯ ಹುಡುಗ, ನನಗೆ ಗುರುತಿಲ್ಲ.

"ಜೊತೆಗೆ ಯಾರಿದಾರೆ?"

"ನನ್ನ ಮಗ."

"ಎಲ್ಲಿ?"

"ಇಲ್ಲೇ ಇದಾನಲ್ಲ."

ಅವನು ಎದ್ದು ನಿಂತು ಅವಳ ಹಿಂದೆ ನೋಡಿದ. "ಯಾವನೂ ಕಾಣ್ತಿಲ್ಲ. ಹುಡುಗನ್ನ ಮರಳ ದಾರೀಲಿ ಕಳಿಸಿದೀಯಾ? ಅವನ ಗುರುತಿನ ಚೀಟಿ ಎಲ್ಲಿ, ಹಳದಿ ಕಾರ್ಡೆಲ್ಲಿ?"

"ಅವನಿಗೆ ಇನ್ನೆಲ್ಲಿಯ ಜ್ವರ ಸ್ವಾಮಿ, ಎಲ್ಲ ಮುಗೀತು" ಅಂತ ಕಾಫುಯಿ ಗಂಟು ಎತ್ತಿ ತೋರಿಸಿದಳು.

ನಾನು ಕಂಬಿಯಿಂದ ಕಿರುಚಿದೆ, "ಅವಳು ದುಃಖದಲ್ಲಿ ಏನೇನೋ ಅಂತಾಳೆ, ಬಿಟ್ಟುಬಿಡಪ್ಪಾ!" ಆದ್ರೆ ಅವನಿಗೆ ಗಾಬರಿಯಾಗಿತ್ತು. ಒಳಗೆ ಹೋಗಿ ಮೇಲಿನ ಆಫೀಸರಮ್ಮನನ್ನ ಕರಕೊಂಡು ಬಂದ. ಆಕೆ ನಮ್ಮ ವೋಲ್ಟಾ ಸೀಮೆಯವಳೇ. ಗಂಟು ನೋಡಿದ ಕೂಡಲೇ ಅರ್ಥವಾಯ್ತು ಆಕೆಗೆ. ಅರ್ಥವಾಗದೇ ಇದ್ದಿದ್ರೆ ಚೆನ್ನಾಗಿತ್ತೇನೋ.

ಆಕೆ ದನಿ ತಗ್ಗಿಸಿ ಹೇಳಿದಳು. "ನೋಡು ತಾಯಿ, ಇದರಲ್ಲಿರೋದು ನಿನ್ನ ಮಗ ಅಂದ್ರೆ ಕಾಯಿದೆ ಪ್ರಕಾರ ಇದು ಹೆಣ. ಸಾವಿನ ಪತ್ರ ಬೇಕು, ಅಲ್ಲಿಯ ಆರೋಗ್ಯದವರ ಒಪ್ಪಿಗೆ ಬೇಕು, ರಾಯಭಾರ ಕಚೇರಿಯ ಕಾಗದ ಬೇಕು. ಇದೆಯಾ?"

"ದಿಕ್ಕಿಲ್ಲದವನು ಅಂತ ಹೂತವರು ಕಾಗದ ಎಲ್ಲಿ ಕೊಡ್ತಾರೆ ತಾಯಿ?"

"ಹಂಗಾದ್ರೆ ಇದು ಒಳಗೆ ಬರೋ ಹಾಗಿಲ್ಲ. ಇಟ್ಟುಕೊಂಡು ಮೇಲಿನ ಕಚೇರಿಗೆ ಕಳಿಸಬೇಕು. ಹುಡುಗ ಆಗಲೇ ಬರೆದುಕೊಳ್ಳೋಕೆ ಪೆನ್ನು ತೆಗೆದಿದಾನೆ." ಆಕೆ ಇನ್ನೂ ಹತ್ರ ಬಗ್ಗಿದಳು. "ನಾನೂ ತಾಯಿನೇ. ನೀನು ಹೇಳಿದ್ದು ನನಗೆ ಕೇಳಿಸಿಲ್ಲ ಅಂದ್ಕೋ. ಇನ್ನೊಂದ್ಸಲ ಕೇಳ್ತೀನಿ, ಇವನ ಮುಂದೆ. ನಾನೊಬ್ಬಳೇ, ಜೊತೇಲಿ ಯಾರೂ ಇಲ್ಲ, ಗಂಟಲ್ಲಿ ನನ್ನ ಬಟ್ಟೆ ಅಂತ ಹೇಳು. ಬಿಚ್ಚಿಸಲ್ಲ. ಮುದ್ರೆ ಒತ್ತಿ ಕಳಿಸ್ತೀನಿ."

ಒಳ್ಳೆಯವಳೇ ಆಕೆ. ಅದೇ ನೋಡಿ ಸಂಕಟ. ಕೆಟ್ಟವಳಾಗಿದ್ರೆ ಬಾಯಿ ತುಂಬ ಬೈದಾದ್ರೂ ಬೈತಿದ್ದೆ.

ಕಾಫುಯಿ ಕಂಬಿಯಾಚೆಯಿಂದ ನನ್ನ ಕಡೆ ತಿರುಗಿದಳು. "ಅಕ್ಕ, ದೊಡ್ಡ ಮಾವ ಹೇಳಿದ್ದು..."

"ಮಾವನಿಗೇನು, ಊರಲ್ಲಿ ಕೂತಿದಾರೆ! ಹೇಳಿಬಿಡೇ. ನಾಲಿಗೆಗೇನು ಎಲುಬಿದೆಯಾ? ಬಾಯಲ್ಲಿ ಹೇಳು, ಮನಸ್ಸಲ್ಲಿ ಇಟ್ಕೊ. ಅವನಿಗೆ ಅರ್ಥ ಆಗುತ್ತೆ."

"ಅವನಿಗೆ ಹೆಂಗೆ ಅರ್ಥ ಆಗುತ್ತೆ? ಅಷ್ಟು ದಿನ ಕರೆದ, ನಾನು ಹೋಗಲಿಲ್ಲ. ಈಗ ಜೊತೇಲಿ ನಿಲ್ಲಿಸಿಕೊಂಡು ಅವನ ಮುಂದೇನೇ ಇಲ್ಲ ಅನ್ನಲಾ?"

ಹಿಂದೆ ಸಾಲು ಬೆಳೀತಿತ್ತು. "ಏನಮ್ಮ, ಸೂರ್ಯನ್ನ ಇಲ್ಲೇ ಮುಳುಗಿಸ್ತೀಯಾ?" ಅಂದ ಒಬ್ಬ. "ಅದೇನು ಹೇಳಬೇಕೋ ಹೇಳಿ ಸಾಯಿ, ನನ್ನ ಟೊಮೇಟೊ ಕೊಳೀತಿದೆ!" ಅಂತ ಬುಟ್ಟಿ ಹೊತ್ತವಳೊಬ್ಬಳು. ಹುಡುಗ ಆಫೀಸರು ಗಂಟಿನ ಕಡೆ ಕೈ ಚಾಚಿದ. ಕಾಫುಯಿ ಹಿಂದೆ ಸರಿದಳು. ಅತ್ತ ಹೋದ್ರೆ ದಿಕ್ಕಿಲ್ಲದವರ ಗುಂಡಿ, ಇತ್ತ ಬರೋಕೆ ಒಂದು ಮಾತು.

"ಕೊನೇ ಸಲ ಕೇಳ್ತಿದೀನಿ" ಅಂದಳು ಆಫೀಸರಮ್ಮ, ಎಲ್ಲರಿಗೂ ಕೇಳೋ ಹಾಗೆ. "ಜೊತೇಲಿ ಯಾರಿದಾರೆ?"

ಕಾಫುಯಿ ಗಂಟಿನ ಮೇಲೆ ಅಂಗೈ ಮುಚ್ಚಿದಳು. ಕಿವಿ ಮುಚ್ಚೋ ಹಾಗೆ ಮುಚ್ಚಿದಳು.

"ಯಾರೂ ಇಲ್ಲ. ನಾನೊಬ್ಬಳೇ."

ಮುದ್ರೆ ಬಿತ್ತು. ಆಫೀಸರಮ್ಮ ಆ ಕಡೆ ತಿರುಗಿಕೊಂಡಳು. ಕಾಫುಯಿ ಕಂಬಿ ದಾಟಿ ಈಚೆ ಬಂದಳು. ದಾಟೋವಾಗ ಅವಳು ಹೆಸರು ಹಿಡಿದು ಕರೀಲಿಲ್ಲ. ನಾನೇ ಕರೆದೆ, "ಸೆಲಾಸಿ, ಬಾ ಮಗನೇ, ನಮ್ಮೂರು ಬಂತು" ಅಂತ. ದೊಡ್ಡಮ್ಮ ಕರೆದ್ರೆ ಲೆಕ್ಕಕ್ಕಿದೆಯೋ ಇಲ್ಲವೋ, ಯಾರಿಗೆ ಗೊತ್ತು. ಅವಳು ಒಂದ್ಸಲ ಹಿಂದೆ ತಿರುಗಿ ನೋಡಿದಳು. ಕಂಬಿಯಾಚೆ ಟೊಮೇಟೊದವಳು ಬುಟ್ಟಿ ಇಳಿಸ್ತಿದ್ದಳು.

ಟ್ಯಾಕ್ಸಿ ಹತ್ರ ಬಂದ್ವಿ. ಈ ಕಡೆಯ ಡ್ರೈವರು ಬೇರೆಯವನು. "ಎಷ್ಟು ಜನ?"

"ಮೂರು ಸೀಟು" ಅಂದೆ ನಾನು.

"ಎರಡು" ಅಂದಳು ಕಾಫುಯಿ.

"ಕಾಫುಯಿ, ಹುಚ್ಚುಚ್ಚಾಗಿ ಆಡಬೇಡ ಕಣೇ. ಅದು ಬಾಯಿಮಾತು."

"ಎರಡೇ ಅಕ್ಕ. ಅಲ್ಲಿ ಒಂದು ಹೇಳಿ ಇಲ್ಲಿ ಒಂದು ಹೇಳಲಾ?"

ಜಗಳ ಆಡಿದೆ, ಬೈದೆ, ಕೈ ಹಿಡಿದು ಬೇಡಿಕೊಂಡೆ. ಅವಳು ಸಿಟ್ಟಾಗಲಿಲ್ಲ, ಅಳಲೂ ಇಲ್ಲ. ಕೊಟೊನುವಿನಿಂದ ಒಂದು ಕ್ಷಣ ನೆಲಕ್ಕಿಡದ ಗಂಟನ್ನ, ಡಿಕ್ಕಿಯಲ್ಲಿದ್ದ ನನ್ನ ಚೀಲದೊಳಗೆ ಬಟ್ಟೆಗಳ ಮಧ್ಯೆ ತುರುಕಿ ಬಂದು ಕೂತಳು. ಅಷ್ಟರಲ್ಲಿ ದೊಡ್ಡ ಮಾವನ ಫೋನು ಬಂತು. ಹಿಂದೆ ಡೋಲಿನ ಸದ್ದು, ಜನರ ಮಾತು. "ಗುಂಡಿ ತೋಡಿ ಆಯ್ತು, ಎಲ್ಲರೂ ಸೇರಿದಾರೆ. ಹುಡುಗ ದಾಟಿದ್ನಾ?" ಅಂತ ಕೇಳಿದ್ರು. ನಾನು ಕಾಫುಯಿ ಮುಖ ನೋಡಿದೆ. ಫೋನು ಇಟ್ಟುಬಿಟ್ಟೆ.

ಡ್ರೈವರು ಮೂರನೇ ಸೀಟಿಗೆ ಕೂಗಿ ಕೂಗಿ ಒಬ್ಬಳನ್ನ ಹಿಡಿದ. ಒಣಮೀನಿನ ಬುಟ್ಟಿ ಹೊತ್ತ ದಪ್ಪನೆ ಹೆಂಗಸು. ಬಾಗಿಲು ತೆಗೆದು, ನಮ್ಮಿಬ್ಬರ ನಡುವಿನ ಜಾಗ ನೋಡಿದಳು. "ಸ್ವಲ್ಪ ಸರೀರಮ್ಮ, ಯಾರಿಗೆ ಅಂತ ಇಷ್ಟು ಜಾಗ ಇಟ್ಕೊಂಡಿದೀರಾ?" ಅಂದಳು.

"ಯಾರಿಗೂ ಇಲ್ಲ" ಅಂತ ಕಾಫುಯಿ ಸರಿದು ಕೂತಳು.