ಐದನೆಯ ಪುಟ

"ಯಾವ ಹಾದರಗಿತ್ತಿ ಬರ್ದಿದ್ದು ಇದನ್ನ? ಮೊದ್ಲು ಹೆಸ್ರು ಹೇಳು."

ನಮ್ಮ ಪ್ರೆಸ್ಸಿನ ಯಜಮಾನ ಹ್ಯಾನಿಗನ್ ಐದನೆಯ ಪುಟವನ್ನು ಲೊರೇನಳ ಮುಖಕ್ಕೆ ಹಿಡಿದಿದ್ದ. ಸಾವಿರದ ಒಂಬೈನೂರ ಎಪ್ಪತ್ತರ ಚಳಿಗಾಲ; ಬಸಿರು ತೆಗೆಸುವುದು ನಮ್ಮಲ್ಲಿ ಆಗಿನ್ನೂ ಅಪರಾಧ. ಅವಳು ಅಚ್ಚಿಗೆ ತಂದಿದ್ದ ಹೆಂಗಸರ ಪತ್ರಿಕೆಯ ಎರಡನೇ ಸಂಚಿಕೆ.

"ನಮ್ಮಲ್ಲಿ ಯಾರೂ ಹೆಸ್ರು ಹಾಕಲ್ಲ ಸಾರ್. ಎಲ್ರೂ ಸೇರಿ ಬರೆಯೋದು."

"ಬಸ್ರಾಗಿದ್ದೂ ಎಲ್ರೂ ಸೇರೇನಾ?"

ಹಾಳೆಗಳ ಕಟ್ಟು ಹಾಕುತ್ತಿದ್ದವರು ನಕ್ಕರು. ನಾನು ತಲೆ ಎತ್ತಲಿಲ್ಲ. ನನ್ನ ಗಾಜಿನ ಮೇಜಿನ ಮೇಲೆ, ಕೆಳಗಿನ ದೀಪದ ಬೆಳಕಿನಲ್ಲಿ, ಅದೇ ಪುಟದ ಫಿಲಂ ಇತ್ತು. ಫಿಲಂನ ಸಣ್ಣ ತೂತುಗಳಿಗೆ ಕೆಂಪು ಬಣ್ಣ ಹಚ್ಚುವುದು ನನ್ನ ಕೆಲಸ. ಬಣ್ಣ ಬಿದ್ದಲ್ಲಿ ಅಚ್ಚು ಮೂಡುವುದಿಲ್ಲ.

ಟೊಲೀಡೊ ಊರಿನ ಹೊರಗಿನ ಮೋಟೆಲೊಂದರಲ್ಲಿ ಒಬ್ಬ ಗಂಡಸು ಹುಡುಗಿಯ ಬಸಿರು ತೆಗೆದದ್ದು, ರಕ್ತ ನಿಲ್ಲದಾಗ ಟವೆಲು ಕೊಟ್ಟು ಹೊರಗೆ ಕಳಿಸಿದ್ದು, ಆಸ್ಪತ್ರೆಯಲ್ಲಿ ಸಾಯುತ್ತಿದ್ದವಳನ್ನು ಪೊಲೀಸರು ಬೈದದ್ದು. ಆ ಗಂಡಸಿನ ಚಹರೆ, ಮೋಟೆಲಿನ ದಾರಿ. ಎಲ್ಲ ಅದರಲ್ಲಿತ್ತು. ಹುಡುಗಿ ನನ್ನ ತಂಗಿ ನೋರೀನ್. ಹೇಳಿದವಳು ನಾನು, ಬರೆದುಕೊಂಡವಳು ಲೊರೇನ್. ಪ್ರೆಸ್ಸಿನಲ್ಲಿ ಇದು ಬೇರೆ ಯಾರಿಗೂ ಗೊತ್ತಿರಲಿಲ್ಲ.

"ಅವ್ನು ಇನ್ನೂ ಅಲ್ಲೇ ಇದಾನೆ ಸಾರ್," ಲೊರೇನ್ ಅಂಗಲಾಚಿದಳು. "ಈ ಶನಿವಾರಾನೂ ಹುಡ್ಗೀರು ಹೋಗ್ತಾರೆ. ಬೇರೆ ಪ್ರೆಸ್ಸಿನವ್ರು ನಮ್ಮನ್ನ ಒಳಕ್ಕೇ ಬಿಡ್ತಿಲ್ಲ."

"ಮಲಗೋವಾಗ ಇಲ್ಲದ ಭಯ ಈಗ್ಯಾಕೆ? ಏಯ್ ವರ್ನಾ, ಬಳಿ. ಇಡೀ ಪುಟ."

ಲೊರೇನ್ ನನ್ನನ್ನು ನೋಡಿದಳು. ಹೊರಗಿನ ಬೆಂಚಿಗೆ ಹೋಗಿ ಕೂತಳು.

ಹ್ಯಾನಿಗನ್ ನನ್ನ ಬೆನ್ನ ಹಿಂದೆಯೇ ನಿಂತಿದ್ದ. ಬಳಿದೆ. ಮೋಟೆಲು ಹೋಯಿತು. ಟವೆಲು ಹೋಯಿತು. ಕೊನೆಗೆ ನೋರೀನಳ ವಯಸ್ಸು.

ಅವನು ಊಟಕ್ಕೆ ಹೋದ. ಆ ಬಣ್ಣ ನೀರಿಗೆ ಬಿಡುವಂಥದ್ದು. ಒದ್ದೆ ಬಟ್ಟೆ ತಗೊಂಡು ಒರೆಸಿದೆ. ಮೊಣಕೈವರೆಗೂ ಕೆಂಪು ಇಳಿಯಿತು. ಫಿಲಂನಿಂದ ಅಚ್ಚಿನ ಪ್ಲೇಟು ಮಾಡಿ, ಮಷೀನು ಓಡಿಸುವ ಹರ್ಷೆಲನಿಗೆ ಕೊಟ್ಟೆ. ಅವನು ಕನ್ನಡಕ ಏರಿಸಿ ಕೊನೆಯವರೆಗೂ ಓದಿದ.

"ಇದು ಬಳೀಬೇಕಿದ್ದ ಪುಟ ಅಲ್ವೇನೇ?"

"ಹೂಂ."

"ನಿನ್ ಹೊಟ್ಟೆ ಮೇಲೆ ಹೊಡೀತಾನೆ ಕಣೇ."

"ಹೊಡೀಲಿ."

ಹರ್ಷೆಲ್ ಪ್ಲೇಟನ್ನು ಮಷೀನಿಗೆ ಬಿಗಿದ.

ಹ್ಯಾನಿಗನ್ ಮರಳಿದಾಗ ಮಷೀನು ಓಡುತ್ತಿತ್ತು. ಒಂದು ಹಾಳೆ ಎಳೆದು ನೋಡಿದ. ಅವನ ತುಟಿಯ ಮೂಲೆಯಲ್ಲಿ ಸಾಸಿವೆ ಅಂಟಿತ್ತು.

"ಯಾವಳೇ ಮಾಡಿದ್ದು?"

"ನಾನು. ಹೇಳಿ ಬರೆಸಿದ್ದೂ ನಾನೇ. ಸತ್ತಿದ್ದು ನನ್ ತಂಗಿ."

ಅವನು ನನ್ನ ಕೈ ನೋಡಿದ. "ಮಷೀನ್ ನಿಲ್ಸೋ ಹರ್ಷೆಲ್."

ಹರ್ಷೆಲ್ ನಮಗೆ ಬೆನ್ನು ಹಾಕಿ ಎಣ್ಣೆ ಬಿಡುತ್ತಿದ್ದ. ಕಿವಿಗೆ ಬಿದ್ದಂತೆ ಕಾಣಲಿಲ್ಲ. ಹಾಳೆಗಳು ಬೀಳುತ್ತಲೇ ಇದ್ದವು. ಲೊರೇನ್ ಬಾಗಿಲಿಗೆ ಬಂದು ನಿಂತಿದ್ದಳು. ಹ್ಯಾನಿಗನ್ ತಾನೇ ಸ್ವಿಚ್ಚಿನತ್ತ ನಡೆದ. ನಾನು ಅಡ್ಡ ನಿಂತೆ.