ಹೆಳವನ ಹೊತ್ತಿಗೆಯಲ್ಲಿ ರಾವಸಾಹೇಬ

ಹೋಗದಿದ್ದರೇ ಒಳ್ಳೆಯದಿತ್ತೇನೋ. ಇಲ್ಲದ ಹೆಸರನ್ನು ಹುಡುಕಿಕೊಂಡು ಹೋಗಿ, ಇಲ್ಲವೆಂದು ಖಾತ್ರಿ ಮಾಡಿಕೊಂಡು ಬಂದರೆ ಅಪ್ಪನನ್ನು ಎರಡನೆಯ ಸಲ ಮಣ್ಣು ಮಾಡಿದಂತೆ ಆಗುವುದಿಲ್ಲವೇ? ಅಷ್ಟು ಜನರ ಎದುರು ಆ ಹೆಸರು ಬರದೇ ಹೋದರೆ ಮುಖ ಎಲ್ಲಿ ಇಡುವುದು? ಇದ್ದರೆ? ಇದ್ದರೆ ಏನು ಮಾಡಬೇಕೆಂದು ದುಂಡೇಶ ಯೋಚಿಸಿಯೇ ಇರಲಿಲ್ಲ. ಕಬ್ಬು ಹೇರಿದ ಜೋಡಿ ಟ್ರೇಲರ್ ಹಿಂದೆ ಮೋಟಾರ್ ಸೈಕಲ್ ನಿಧಾನ ಮಾಡಿಕೊಂಡು, ಚಿಕ್ಕೋಡಿ ದಾಟಿ ಏಕಸಂಬಿಯ ದಾರಿ ಹಿಡಿದಾಗಲೂ ತಿರುಗಿ ಕಬ್ಬೂರಿಗೆ ಹೋಗಿಬಿಡುವ ಆಸೆ ಬಿಟ್ಟಿರಲಿಲ್ಲ.

ಹಿಂದಿನ ದಿನ ದೊಡ್ಡಪ್ಪನ ಮಗ ರಾಜಾರಾಮ ಫೋನ್ ಮಾಡಿದ್ದ. "ಹೆಳವ ಬಂದಾನ. ನಾಳೆ ನಮ್ಮ ಮನಿಯಾಗ ಓದ್ತಾನ. ನಿನಗ ಬಾ ಅಂತ ಅಪ್ಪ ಹೇಳ್ಯಾನ. ಲಗೂ ಬಾ ಮತ್ತ. ಕಬ್ಬೂರಿನವರು ಊಟದ ಹೊತ್ತಿಗೇ ಬರ್ತಾರ ಅನ್ನಿಸಿಕೋಬ್ಯಾಡ."

ಹೆಳವರೆಂದರೆ ಮನೆತನಗಳ ಹೆಸರು ಕಾಯುವವರು. ಮೂರು ನಾಲ್ಕು ವರ್ಷಕ್ಕೊಮ್ಮೆ ಬಂದು ಅಂಗಳದಲ್ಲಿ ಕುಳಿತು, ಮೂಲಪುರುಷನಿಂದ ಹಿಡಿದು ಮೊನ್ನೆ ಹುಟ್ಟಿದ ಕೂಸಿನವರೆಗೆ ಓದುತ್ತಾರೆ. ಹುಟ್ಟಿದವರನ್ನು ಸೇರಿಸುತ್ತಾರೆ, ಸತ್ತವರಿಗೆ ಗುರುತು ಹಾಕುತ್ತಾರೆ. ಒಂದೊಂದು ಮನೆತನಕ್ಕೆ ಒಬ್ಬೊಬ್ಬ ಹೆಳವ. ಒಬ್ಬನ ಹೊತ್ತಿಗೆಯಲ್ಲಿ ಇದ್ದವರು ಇನ್ನೊಬ್ಬನದರಲ್ಲಿ ಇರುವುದು ಕಡಿಮೆ.

ಕಬ್ಬೂರಿನ ಮನೆಗೆ ಬರುತ್ತಿದ್ದವನು ಅಜ್ಜ ಹಾಲೇಶನ ಮನೆತನದ ಹೆಳವ. ಹಾಲೇಶನಿಗೆ ಗಂಡುಮಕ್ಕಳಿರಲಿಲ್ಲ. ಒಬ್ಬಳೇ ಮಗಳು ಗಿರಿಜವ್ವನಿಗೆ ಏಕಸಂಬಿಯ ರಾವಸಾಹೇಬನನ್ನು ತಂದು ಮನೆ ಅಳಿಯನನ್ನಾಗಿ ಮಾಡಿಕೊಂಡಿದ್ದ. ಮದುವೆಯ ಮರುದಿನವೇ, "ಇನ್ನ ನೀ ನಮ್ಮ ಮನಿಯಾಂವ. ಹಿಂದಿನ ದಾರಿ ನೋಡಬ್ಯಾಡ" ಎಂದಿದ್ದನಂತೆ. ಮುದುಕ ಕೆಟ್ಟವನಲ್ಲ. ಅಳಿಯ ತವರಿನ ಕಡೆ ವಾಲಿದರೆ ತನ್ನ ಮನೆ ಮುಗಿಯಿತು ಎಂಬ ಅಂಜಿಕೆ ಅವನದು.

ದುಂಡೇಶನಿಗೆ ಹತ್ತು ವರ್ಷವಿದ್ದಾಗ ಆ ಹೆಳವ ಓದಿದ್ದು ಈಗಲೂ ಕಿವಿಯಲ್ಲಿದೆ. "ಹಾಲೇಶ. ಹಾಲೇಶನ ಮಗಳು ಗಿರಿಜವ್ವ. ಗಿರಿಜವ್ವನ ಮಗ ದುಂಡೇಶ." ನಡುವೆ ಒಬ್ಬರು ತಪ್ಪಿದ್ದಾರೆ ಎಂದು ಹುಡುಗನಿಗೂ ಗೊತ್ತಾಯಿತು. ಅಪ್ಪನನ್ನು ಹುಡುಕಿದರೆ ಅವನು ಅಂಗಳದಲ್ಲಿರಲಿಲ್ಲ, ಕಬ್ಬಿನ ತೋಟದಲ್ಲಿದ್ದ. "ನಿನ್ನ ಹೆಸರು ಯಾಕ ಓದಲಿಲ್ಲಪಾ?" ಎಂದು ಕೇಳಿದ್ದಕ್ಕೆ ರಾವಸಾಹೇಬ ಸನಿಕೆಯಿಂದ ಬದುವಿನ ಮಣ್ಣು ಎಳೆದು ನೀರು ತಿರುಗಿಸುತ್ತ, "ಆ ಸಾಲಿಗೆ ಹೋಗಿ ನಿಂದರು, ನೀರು ಮುಟ್ಟಿದ ಕೂಡ್ಲೆ ಕೂಗು" ಎಂದ. ಅಷ್ಟೇ. ಮುಂದೆ ಹೆಳವ ಬಂದಾಗಲೆಲ್ಲ ಅಪ್ಪನಿಗೆ ತೋಟದಲ್ಲಿ ನೀರು ಬಿಡುವ ಕೆಲಸ ಇದ್ದೇ ಇರುತ್ತಿತ್ತು. ನಲವತ್ತೈದು ವರ್ಷ ಆ ಮನೆಯಲ್ಲಿ ದುಡಿದ ಮೇಲೂ ಊರವರ ಬಾಯಲ್ಲಿ ಅವನು ಏಕಸಂಬಿಯವನೇ. ಕಳೆದ ವರ್ಷ ಅವನು ತೀರಿಕೊಂಡಾಗ ಅಣ್ಣ ಆಬಾಸಾಹೇಬ ಬಂದು, ಮೂರು ಹಿಡಿ ಮಣ್ಣು ಹಾಕಿ, ಯಾರೊಡನೆಯೂ ಮಾತಾಡದೆ ಹೋಗಿದ್ದ. ಇವರ ನಡುವೆ ಏನೂ ಉಳಿದಿಲ್ಲ ಎಂದು ದುಂಡೇಶ ಅಂದೇ ತಿಳಿದುಕೊಂಡಿದ್ದ. ಹುಟ್ಟಿದ ಮನೆಯವರೂ 'ಮನೆ ಬಿಟ್ಟು ಹೋದ' ಎಂದು ಬರೆಸಿ ಕೈತೊಳೆದುಕೊಂಡಿದ್ದರೆ ಅಪ್ಪ ಯಾರ ಹೊತ್ತಿಗೆಯಲ್ಲೂ ಇಲ್ಲದ ಮನುಷ್ಯನಾಗುತ್ತಿದ್ದ.

ಏಕಸಂಬಿಯ ಮನೆಯ ಪಡಸಾಲೆಯಲ್ಲಿ ಆಬಾಸಾಹೇಬ ಕಂಬಕ್ಕೆ ಒರಗಿ ಕುಳಿತಿದ್ದ. ಎಂಬತ್ತು ದಾಟಿದ ಜೀವ. ಕಣ್ಣು ಮಂಜಾಗಿದ್ದರೂ ನಾಲಗೆ ಮಂಜಾಗಿರಲಿಲ್ಲ.

"ಬಂದೆ ಏನ? ಬಾ. ಗಾಡಿ ಎಷ್ಟು ದೂರ ನಿಂದ್ರಿಸಿದಿ ಅಂದ್ರ, ಓಡಿ ಹೋಗಾಕ ದಾರಿ ಇಟಗೊಂಡಂಗ ಐತಿ."

"ಹಂಗೇನಿಲ್ರಿ ದೊಡ್ಡಪ್ಪಾ."

"ಅದs ಮಾರಿ, ಅದs ಸುಳ್ಳು. ರಾವಸಾಹೇಬನ ಮಗ ಹೌದು ಬಿಡು. ಕುಂಡ್ರು."

ಹೆಳವ ಸತ್ಯಪ್ಪ ಅಂಗಳದ ಕಂಬಳಿಯ ಮೇಲೆ ಕುಳಿತು ಕೆಂಪು ಬಟ್ಟೆಯ ಗಂಟು ಬಿಚ್ಚುತ್ತಿದ್ದ. ಅವನ ಅಜ್ಜ ಎತ್ತಿನ ಮೇಲೆ ಬರುತ್ತಿದ್ದ. ಇವನ ಬೊಲೆರೊ ಬೇವಿನ ಮರದ ನೆರಳಿಗಿತ್ತು. ಹೊತ್ತಿಗೆ ಮಾತ್ರ ಹಳೆಯದೇ. ಅಂಚು ಸವೆದ ಹಾಳೆಗಳನ್ನು ಕಣ್ಣಿಗೊತ್ತಿಕೊಂಡು ಅವನು ರಾಗ ತೆಗೆದ. ಮೂಲಪುರುಷ ಬಾಳಪ್ಪ. ಬಾಳಪ್ಪನ ಮಕ್ಕಳು ಮೂವರು. ನಡುವಿನವನು ಹೊಳೆ ಬಂದ ವರ್ಷ ದಂಡೆಯ ಹೊಲ ಬಿಟ್ಟು ಮೇಲೆ ಮನೆ ಕಟ್ಟಿದ. ಅವನ ಮಗ, ಆ ಮಗನ ಮಗ. ಹೆಸರುಗಳು ಒಂದರ ಕೈ ಒಂದು ಹಿಡಿದು ಬರುತ್ತಿದ್ದವು. ಆಬಾಸಾಹೇಬನ ಹೆಸರು ಬಂತು, ಅವನ ಮಕ್ಕಳು, ಮೊಮ್ಮಕ್ಕಳು ಬಂದರು. ಸತ್ಯಪ್ಪ ಹಾಳೆ ತಿರುವಿದ. ತಿರುವಿ, ಒಂದು ಗುಟುಕು ನೀರು ಕುಡಿದ. ಆ ಗುಟುಕು ಮುಗಿಯಲೊಲ್ಲದು.

"ಆಬಾಸಾಹೇಬನ ತಮ್ಮ ರಾವಸಾಹೇಬ. ಕಬ್ಬೂರಿನ ಹಾಲೇಶನ ಮಗಳು ಗಿರಿಜವ್ವ, ಆ ಮನಿಯ ಯಜಮಾನ್ತಿ, ಅಕಿನ್ನ ಲಗ್ನಾದ. ಕಲ್ಲ ಹೊಲ ಕಬ್ಬಿನ ತ್ವಾಟ ಮಾಡಿದ. ಎರಡು ಬಾವಿ ತೋಡಿದ, ಒಂದಕ್ಕ ನೀರು ಬಂತು, ಒಂದಕ್ಕ ಬರಲಿಲ್ಲ. ರಾವಸಾಹೇಬನ ಮಗಳು ದೀಪಾಲಿ, ರಾಯಬಾಗಕ್ಕ ಕೊಟ್ಟಾರ. ಮಗ ದುಂಡೇಶ, ಚಿಕ್ಕೋಡಿಯಾಗ ಬಿ.ಎ. ಪಾಸಾದ. ಮನಿತನದಾಗ ಮೊದಲನೇ ಡಿಗ್ರಿ."

ರಾಜಾರಾಮ ಕಿಸಕ್ಕನೆ ನಕ್ಕ. "ನಾ ಎರಡು ಸಲ ನಪಾಸಾಗಿದ್ದು ಮಾತ್ರ ಬರಿಬ್ಯಾಡೋ ಸತ್ಯಪ್ಪ."

ದುಂಡೇಶನಿಗೆ ನಗಲು ಆಗಲಿಲ್ಲ. "ಇದನ್ನೆಲ್ಲ ಯಾರು ಬರಸ್ಯಾರ್ರಿ?"

"ಯಾರು ಅಂದ್ರ? ನಿಮ್ಮಪ್ಪಾರs ಅಲ್ಲೇನ್ರಿ. ನಾ ಬಂದಾಗ ಒಂದು ಸಲಾನೂ ತಪ್ಪಿಸಿದಾವರಲ್ಲ."

"ಮೊದಲನೇ ಬಸ್ಸಿಗೇ ಇಳಿತಿದ್ದ," ಎಂದ ಆಬಾಸಾಹೇಬ. "ಇಸ್ತ್ರಿ ಧೋತರಾ, ರುಂಬಾಲಾ, ಬರೋಬರಿ ಮದಿಮಗನಂಗ. ಈ ಕಂಬಕ್ಕ ನಾನು, ಆ ಕಂಬಕ್ಕ ಅಂವ. ಓದೂದು ಮುಗಿಯೂತನಕ ಇಬ್ಬರೂ ಮಾತಾಡ್ತಿರಲಿಲ್ಲ. ಮುಗದ ಮ್ಯಾಲೂ ಭಾಳ ಏನಿಲ್ಲ. ಉಂಡು ಹೋಗ್ತಿದ್ದ."

ದುಂಡೇಶನಿಗೆ ಒಮ್ಮೆಲೇ ಪಂಪಿನ ಸ್ಟಾರ್ಟರ್ ನೆನಪಾಯಿತು. ಮೂರು ನಾಲ್ಕು ವರ್ಷಕ್ಕೊಮ್ಮೆ ಅದು ಕೆಡುತ್ತಿತ್ತು. ಚಿಕ್ಕೋಡಿಗೆ ರಿಪೇರಿಗೆಂದು ಅಪ್ಪ ಇಸ್ತ್ರಿ ಧೋತರ ಉಟ್ಟು, ರುಮಾಲು ಸುತ್ತಿ, ಚೀಲ ಹಿಡಿದು ಹೊರಡುತ್ತಿದ್ದ. ಸ್ಟಾರ್ಟರ್ ರಿಪೇರಿಗೆ ರುಮಾಲು ಯಾಕೆ ಎಂದು ಮನೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

"ನಿಮ್ಮ ಹೆಸರು ಬರಸಿದ ವರ್ಷ ತಾಂಬರದ ಕೊಡ ಕೊಟ್ರು," ಎಂದ ಸತ್ಯಪ್ಪ. "ಗಂಡಸಮಗ ಅಂತ. ಇನ್ನೂ ನಮ್ಮ ಮನಿಯಾಗ ಐತ್ರಿ."

ಆ ಕೊಡವನ್ನು ಕದ್ದವಳು ಪಕ್ಕದ ಮನೆಯ ಸುಂದ್ರವ್ವನೇ ಎಂದು ಗಿರಿಜವ್ವ ಇಂದಿಗೂ ನಂಬಿದ್ದಳು. ದುಂಡೇಶನಿಗೆ ಈಗ ನಗು ಬಂತು. ಬಂದದ್ದು ನಿಲ್ಲಲೇ ಇಲ್ಲ. ಕಣ್ಣು ಒರೆಸಿಕೊಂಡದ್ದು ನಗುವಿನಿಂದಲೋ ಎಂದು ಯಾರೂ ಕೇಳಲಿಲ್ಲ.

"ಗಂಡಸಮಕ್ಕಳು ಇದ್ದ ಮನಿಯಾಗ ಹೆಣಮಕ್ಕಳ ಹೆಸರು ನಾವು ಬರಿಯಂಗಿಲ್ರಿ," ಸತ್ಯಪ್ಪ ಹೊತ್ತಿಗೆಯ ಮೇಲೆ ಬೆರಳಿಟ್ಟು ಹೇಳಿದ. "ದೀಪಾಲಿದು ಬರಿಯಂಗಿಲ್ಲ ಅಂದೆ. 'ನಾ ಹೆಣ್ಣಿನ ಮನಿ ಅನ್ನ ಉಂಡಾವ. ಮೊದಲ ಮಗಳದು ಬರಿ, ಆಮ್ಯಾಲ ಮಗಂದು' ಅಂದ್ರು. ಬರದೆ. ಈ ಹೊತ್ತಿಗಿಯಾಗ ಅದs ಮೊದಲನೇದು."

"ಅಪ್ಪ ಇಷ್ಟು ಸಲ ಬಂದ್ರೂ ನಮಗ್ಯಾಕ ಹೇಳಲಿಲ್ರಿ ದೊಡ್ಡಪ್ಪಾ?"

ಆಬಾಸಾಹೇಬ ಕಂಬ ಬಿಟ್ಟು ಮುಂದಕ್ಕೆ ಬಾಗಿದ. "ನಿಮ್ಮಜ್ಜ ಇರೂತನಕ ಹೇಳಾಕ ಬರ್ತಿರಲಿಲ್ಲ. ಅಂವ ಹ್ವಾದ ಮ್ಯಾಲ... ನಿಮ್ಮವ್ವಗ ಏನನಿಸೀತು? ಇಷ್ಟು ವರ್ಷಾ ನನ್ನ ಮನಿಯಾಗ ಇದ್ದು ಮನಸ ಬ್ಯಾರೆ ಕಡೆ ಇತ್ತ ಅಂತ ಅಕಿಗ ಅನಸೂದಿಲ್ಲೇನ? ಹಂಗಿರಲಿಲ್ಲ ಮತ್ತ ಅದು. ಅಂವಗ ಕಬ್ಬೂರ ಬ್ಯಾಸರಾಗಿರಲಿಲ್ಲ. ಬಂದಾಗೆಲ್ಲ ಸತ್ಯಪ್ಪನ ಮುಂದ ನಿಮ್ಮ ಸುದ್ದಿನ ಹೇಳ್ತಿದ್ದ. ನಮಗs ಬ್ಯಾಸರಾಗತಿತ್ತು."

ಸತ್ಯಪ್ಪ ಪೆನ್ನಿನ ಟೋಪಿ ತೆಗೆದ. ರಾವಸಾಹೇಬನ ಹೆಸರಿನ ಮುಂದೆ ಇನ್ನು ಬರೆಯಬೇಕಾದದ್ದನ್ನು ಮಗನೇ ಹೇಳಬೇಕು. ಎಪ್ಪತ್ತೊಂದು ವರ್ಷ ಬಾಳಿದ. ಮಲಗಿದ್ದು ಒಂದೇ ದಿನ. ಕಬ್ಬೂರಿನ ಹೊಲದಲ್ಲಿ, ಮಾವ ಹಾಲೇಶನ ಪಕ್ಕದಲ್ಲಿ ಮಣ್ಣಾದ. ದುಂಡೇಶ ಒಂದೊಂದನ್ನೇ ಹೇಳಿದ. ಹೇಳುತ್ತ ಹೋದಂತೆ ಅಪ್ಪನ ಬಾಳು ಸಣ್ಣದೆನಿಸಲಿಲ್ಲ. ಸಾಲಿನ ಕೊನೆ ಮುಟ್ಟಿದ ನೀರಿನಂತೆ ಅದು ಅಲ್ಲಿ ತುಂಬಿ ನಿಂತಿತು. ಆಮೇಲೆ ತನ್ನ ಹೆಂಡತಿಯ ಹೆಸರು ಹೇಳಿದ, ಆರು ವರ್ಷದ ಮಗಳು ಮಯೂರಿಯ ಹೆಸರು ಹೇಳಿದ. ಸತ್ಯಪ್ಪ ಈ ಸಲ ವಾದ ಮಾಡದೆ ಬರೆದ.

"ಮುಂದಿನ ಸಲ ನೀವು ಇಲ್ಲೇ ಬರ್ತೀರೇನ್ರಿ?" ಎಂದು ಹೊತ್ತಿಗೆ ಮುಚ್ಚುತ್ತ ದುಂಡೇಶನನ್ನು ಕೇಳಿದ.

"ಬರ್ತೇನಿ. ಆದ್ರ ನೀವೂ ಕಬ್ಬೂರಿಗೆ ಬರಬೇಕ್ರಿ. ನಮ್ಮ ಅಂಗಳದಾಗ ಕುಂತು ಈ ಹಾಳಿ ಅಷ್ಟs ಓದ್ರಿ. ಊರು ಕೇಳಲಿ."

"ಕೊಡ ವಾಪಸ್ ಕೇಳಂಗಿಲ್ಲಲ್ಲ?" ಎಂದ ಸತ್ಯಪ್ಪ.

ಹೋಳಿಗೆ ಊಟ ಮುಗಿಸಿ, ಬಿಸಿಲು ಇಳಿಯುವ ಮುಂಚೆ ದುಂಡೇಶ ಮನೆ ಮುಟ್ಟಿದ. ಗಿರಿಜವ್ವ ಕಟ್ಟೆಯ ಮೇಲೆ ಕುಳಿತು ಕಡಲೆಗಿಡ ಸುಲಿಯುತ್ತಿದ್ದಳು. ಅವನು ಎಲ್ಲವನ್ನೂ ಹೇಳಿದ, ಕೊಡದ ಸುದ್ದಿಯೊಂದನ್ನು ಬಿಟ್ಟು. ಅದಕ್ಕೆ ಒಳ್ಳೆಯ ಹೊತ್ತು ನೋಡಬೇಕಿತ್ತು. ಅವಳ ಕೈ ನಿಂತಿತು.

"ನನ್ನ ಹೆಸರು ಹೆಂಗ ಬರಸ್ಯಾರ? ಇಂಥಾವನ ಹೆಂಡ್ತಿ ಅಂತ ಅಷ್ಟ ಏನ?"

"ಇಲ್ಲವ್ವಾ. ಹಾಲೇಶನ ಮಗಳು ಗಿರಿಜವ್ವ, ಆ ಮನಿಯ ಯಜಮಾನ್ತಿ ಅಂತ."

ಗಿರಿಜವ್ವ ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡಳು. "ಹಿಂಗ ಮಾಡ್ಯಾರ ನೋಡು," ಎಂದು ಮಗನಿಗೆ ಕಾಣದಂತೆ ನಕ್ಕು, ಮತ್ತೆ ಕಡಲೆ ಸುಲಿಯತೊಡಗಿದಳು. ದುಂಡೇಶ ಅವಳ ಪಕ್ಕದಲ್ಲಿ ಕುಳಿತು ತಾನೂ ಒಂದು ಹಿಡಿ ಗಿಡ ತೆಗೆದುಕೊಂಡ.

ಏಕಸಂಬಿಯಲ್ಲಿ ನಿನ್ನ ಹೆಸರು ಬರೆಸಿದ್ದೇನೆ ಎಂದು ರಾವಸಾಹೇಬ ಮಗನಿಗೆ ಒಮ್ಮೆಯೂ ಹೇಳಿರಲಿಲ್ಲ.