ವೀಸಾ ಕಿಟಕಿ ಮುಂದೆ "ನಮ್ದೇನೈತ್ರಿ" ಅನ್ನಬ್ಯಾಡ್ರಿ

ದಾವಣಗೆರೆ ವ್ಯಾಪಾರಸ್ಥರ ಮನೆಗೆ ಹೋಗಿ "ದಂಧೆ ಹೆಂಗೈತೆ?" ಅಂತ ಕೇಳಿ ನೋಡ್ರಿ. ಗೋದಾಮು ತುಂಬಿ ಚೀಲ ಅಂಗಳಕ್ಕೆ ಬಂದಿದ್ರೂ "ಏನೋ ನಡೀತೈತ್ರಿ, ನಮ್ದೇನೈತೆ, ಸಣ್ಣ ಅಂಗಡಿ" ಅಂತಾರೆ. ಜಂಬ ಕೊಚ್ಚಬಾರದು, ದೃಷ್ಟಿ ತಾಗುತ್ತೆ ಅನ್ನೋದು ಹಿರಿಯರ ಮಾತು. ಒಳ್ಳೆ ಮಾತೇ, ಇಲ್ಲ ಅನ್ನಲ್ಲ. ಆದರೆ ಆ ಒಳ್ಳೆ ಮಾತೇ ದೇವರಾಜ ಅರಸು ಬಡಾವಣೆಯ ಶಕುಂತಲಮ್ಮನ ಮಗಳನ್ನ ಚೆನ್ನೈನಿಂದ ಬರಿಗೈಲಿ ವಾಪಸ್ ಕಳಿಸಿತ್ತು.

ಮಗಳು ರಶ್ಮಿತಾ ಆಹಾರ ತಂತ್ರಜ್ಞಾನ ಓದಿದ ಹುಡುಗಿ. ಕಾಳುಕಡಿ ಕೆಡದಂಗೆ ಕಾಪಾಡೋದು ಹೆಂಗೆ ಅಂತ ಕಲಿಯೋಕೆ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತ್ತು. ಚೆನ್ನೈನ ಅಮೆರಿಕ ಕಚೇರಿಯ ವೀಸಾ ಸಂದರ್ಶನದಲ್ಲಿ ಮಾತ್ರ ಆಗಲ್ಲ ಅಂದುಬಿಟ್ಟರು. ವಿಶ್ವವಿದ್ಯಾಲಯದವರು ದೊಡ್ಡ ಮನಸ್ಸು ಮಾಡಿ ಸೀಟನ್ನ ಜನವರಿವರೆಗೆ ಕಾಯ್ದಿಟ್ಟರು. ಇನ್ನೊಂದು ಸಲ ವೀಸಾ ತಪ್ಪಿದರೆ ಸೀಟೂ ಹೋದಂಗೆ. ಮಗಳು ಸರಿಯಾಗಿ ಊಟ ಮಾಡೋದನ್ನೇ ಬಿಟ್ಟಳು.

ಯಜಮಾನರು ವಾಮದೇವಪ್ಪ, ಮೆಕ್ಕೆಜೋಳದ ಮಂಡಿ ನಡೆಸೋರು. "ಆವತ್ತು ರಾಹುಕಾಲದಾಗ ಒಳಗೆ ಹೋಗಿದ್ಲು, ಅದಕ್ಕೇ ಹಿಂಗಾತು" ಅಂದರು. ಮೊದಲ ಸಂದರ್ಶನಕ್ಕೆ ಪಾಠ ಹೇಳಿಕೊಟ್ಟಿದ್ದ ವೀಸಾ ಏಜೆಂಟ್ ಬೇರೆ ದಾರಿ ತೋರಿಸಿದ: "ಎರಡು ವರ್ಷ ಕೆಲಸ ಮಾಡಿದಂಗೆ ಒಂದು ಸರ್ಟಿಫಿಕೇಟ್ ಮಾಡಿಸಿ ಕೊಡ್ತೀನಿ ಸಾಹುಕಾರ್ರೆ. ವೀಸಾ ಗ್ಯಾರಂಟಿ." ವಾಮದೇವಪ್ಪ ಅರ್ಧ ಒಪ್ಪಿಯೂ ಬಿಟ್ಟಿದ್ದರು.

ಶಕುಂತಲಮ್ಮನಿಗೆ ಈ ಮಾತು ಗಂಟಲಲ್ಲಿ ಇಳಿಯಲಿಲ್ಲ. ಅವರ ತವರು ಹರಿಹರ. ಅಲ್ಲಿ ಗೋಡೆಗೆ ಗೋಡೆ ತಾಗಿದ ಮನೆ ಜೈನಾಬಿಯದು, ಲಂಗ ಜಂಪರ್ ಕಾಲದ ಗೆಳತಿ. ಆಕೆ ಮಗಳು ಅಖ್ತರ್ ಬಾನು ಅಮೆರಿಕದಲ್ಲೇ ಓದಿ ಬಂದು, ಈಗ ಕಾಲೇಜಲ್ಲಿ ಪಾಠ ಮಾಡ್ತಾಳೆ. ಫೋನ್ ಮಾಡಿದ್ದೇ ತಡ, ಭಾನುವಾರ ತಾಯಿ ಮಗಳು ಬಸ್ ಹತ್ತಿ ಬಂದೇಬಿಟ್ಟರು.

"ಬರ್ರಿ, ಕೂಡ್ರಿ, ಮೊದಲು ಬಾಯಿಗೆ ಏನಾದ್ರೂ ಹಾಕ್ಕೊಳ್ರಿ" ಅಂತ ಶಕುಂತಲಮ್ಮ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟರು.

ಅಖ್ತರ್ ಬಾನು ತಿಂತಾ ತಿಂತಾನೇ ಕೇಳಿದಳು. "ರಶ್ಮಿ, ಆವತ್ತು ಏನೇನು ಕೇಳಿದ್ರು, ನೀನೇನಂದೆ? ಇದ್ದದ್ದು ಇದ್ದಂಗೆ ಹೇಳು."

"ಈ ಕೋರ್ಸ್ ಯಾಕೆ ಅಂದ್ರು ಬಾನಕ್ಕ. ಏಜೆಂಟ್ ಬಾಯಿಪಾಠ ಮಾಡಿಸಿದ್ದನ್ನ ಒಪ್ಪಿಸ್ದೆ. ನಡುವೆ ಮರೆತು ಮತ್ತೆ ಮೊದಲಿಂದ ಶುರು ಮಾಡ್ದೆ."

"ಆಮೇಲೆ?"

"ಅಪ್ಪ ಏನು ಮಾಡ್ತಾರೆ ಅಂದ್ರು. ಸಣ್ಣ ಅಂಗಡಿ ಐತೆ ಅಂದೆ. ಖರ್ಚು ಯಾರು ನೋಡ್ಕೊಳ್ತಾರೆ ಅಂದ್ರು. ಅಪ್ಪ ಹೆಂಗೋ ಅಡ್ಜಸ್ಟ್ ಮಾಡ್ತಾರೆ ಅಂದೆ."

ಅಖ್ತರ್ ಬಾನು ವಾಮದೇವಪ್ಪನ ಕಡೆ ತಿರುಗಿದಳು. "ದೊಡ್ಡಪ್ಪ, ಗುರುತಿಲ್ಲದವನೊಬ್ಬ ಮಂಡಿಗೆ ಬಂದು, ಮಾಲು ಕೊಡ್ರಿ, ರೊಕ್ಕ ಹೆಂಗೋ ಅಡ್ಜಸ್ಟ್ ಮಾಡ್ತೀನಿ ಅಂದ್ರೆ ಕೊಡ್ತೀರಾ?"

"ನನಗೇನು ಹುಚ್ಚೇನವ್ವ?" ಅಂದುಬಿಟ್ಟರು ವಾಮದೇವಪ್ಪ. ಆಮೇಲೆ ತಮ್ಮ ಮಾತಲ್ಲಿ ತಾವೇ ಸಿಕ್ಕಿಬಿದ್ದದ್ದು ಗೊತ್ತಾಯ್ತು.

"ಗಾಜಿನ ಆ ಕಡೆ ಕೂತಿರೋರೂ ಅಷ್ಟೇ ದೊಡ್ಡಪ್ಪ. ಅವರಿಗೆ ಇರೋದು ಕೆಲವೇ ನಿಮಿಷ. ಈ ಹುಡುಗಿ ನಿಜವಾಗಿ ಓದೋಕೆ ಹೊಂಟಾಳಾ, ಖರ್ಚಿಗೆ ದಾರಿ ಐತಾ, ಓದಿದ ಮೇಲೆ ಏನು ಮಾಡ್ತಾಳೆ, ಇಷ್ಟು ತಿಳ್ಕೊಬೇಕು. ನೀವು ಸಣ್ಣ ಅಂಗಡಿ ಅಂದ್ರೆ ವಿನಯಕ್ಕೆ ಅಂದಿದ್ದು ಅಂತ ನಮಗೆ ಗೊತ್ತು. ಅವರಿಗೆ ಹೆಂಗೆ ಗೊತ್ತಾಗಬೇಕು?"

"ಹಂಗಂತ ಇದ್ದದ್ದೆಲ್ಲಾ ಊರಿಗೆ ಸಾರಬೇಕಾ? ನಮ್ಮಪ್ಪ ಸಾಯೋತನಕ ಎಷ್ಟು ಜಮೀನೈತೆ ಅಂತ ಬಾಯಿ ಬಿಟ್ಟಿರಲಿಲ್ಲ."

"ಊರಿಗೆ ಬ್ಯಾಡ. ಕೇಳಿದ ಅಧಿಕಾರಿಗೆ, ಕೇಳಿದಷ್ಟು. ಹೆಚ್ಚೂ ಬ್ಯಾಡ, ಕಮ್ಮಿನೂ ಬ್ಯಾಡ. ಬಾಯಲ್ಲಿ ಹೇಳೋದೂ ಬ್ಯಾಂಕಿನ ಕಾಗದದಾಗ ಇರೋದೂ ಒಂದೇ ಆಗಿರಲಿ."

"ಆ ಸರ್ಟಿಫಿಕೇಟ್ ವಿಷಯ?" ಶಕುಂತಲಮ್ಮ ಮೆಲ್ಲಗೆ ಕೇಳಿದರು.

"ಮುಟ್ಟಲೂ ಬ್ಯಾಡ್ರಿ ದೊಡ್ಡಮ್ಮ. ಸುಳ್ಳು ಕಾಗದ ಸಿಕ್ಕಿಬಿದ್ರೆ ಜೀವಮಾನ ಪೂರ್ತಿ ಆ ದೇಶದ ಬಾಗಿಲು ಮುಚ್ಚಬಹುದು. ವೀಸಾ ಕೊಡೋದು ಅಧಿಕಾರಿ, ಏಜೆಂಟ್ ಅಲ್ಲ. ಗ್ಯಾರಂಟಿ ಅಂತ ಯಾರಾದ್ರೂ ಅಂದ್ರೆ ಅಲ್ಲಿಂದ ಎದ್ದು ಬರ್ರಿ. ಹಿಂದಿನ ಸಲ ಕೊಡಲಿಲ್ಲ ಅನ್ನೋದನ್ನೂ ಮುಚ್ಚಿಡಬ್ಯಾಡ್ರಿ. ಅದು ಅವರ ಕಂಪ್ಯೂಟರ್‌ನಾಗೇ ಐತೆ."

ಆಮೇಲೆ ಅಖ್ತರ್ ಬಾನು ವಾಮದೇವಪ್ಪನನ್ನೇ ಅಧಿಕಾರಿ ಮಾಡಿ ಊಟದ ಮೇಜಿನ ಆ ಕಡೆ ಕೂರಿಸಿದಳು. ಮೊದಲು ಕನ್ನಡದಲ್ಲಿ, ಮನಸ್ಸು ಬಿಚ್ಚಿ. ಇಂಗ್ಲಿಷು ಆಮೇಲೆ ತಾನೇ ಬರ್ತೈತೆ ಅಂದಳು. ವಾಮದೇವಪ್ಪ ಬೆನ್ನು ನೆಟ್ಟಗೆ ಮಾಡಿ, ಕನ್ನಡಕ ಏರಿಸಿ ಕೇಳಿದರು: "ಈ ಕೋರ್ಸ್ ಯಾಕಮ್ಮ?"

ರಶ್ಮಿತಾ ಉಸಿರು ಬಿಡದೆ ಹಳೆ ಪಾಠ ಶುರು ಮಾಡಿದಳು. ಜಗತ್ಪ್ರಸಿದ್ಧ ವಿಶ್ವವಿದ್ಯಾಲಯ, ಅಪಾರ ಅವಕಾಶ, ಇನ್ನೂ ಏನೇನೋ.

"ಗಿಳಿ ಚಲೋ ಮಾತಾಡ್ತೈತೆ" ಅಂದಳು ಜೈನಾಬಿ. "ನಮ್ಮ ಶಕ್ಕು ಮಗಳು ಎಲ್ಲಿ ಹೋದ್ಲು?"

ಎಲ್ಲರೂ ನಕ್ಕರು. ರಶ್ಮಿತಾ ನಗಲಿಲ್ಲ. ಮೇಜು ನೋಡ್ತಾ ಹೇಳಿದಳು.

"ಮಳೆಗಾಲದಾಗ ನಮ್ಮ ಮಂಡಿಗೆ ಬರೋ ಮೆಕ್ಕೆಜೋಳಕ್ಕೆ ಬೂಷ್ಟು ಹಿಡಿದಿರ್ತೈತೆ. ಒಂದ್ಸಲ ಹದಡಿ ಊರಿನ ರೈತ ಅಂಜಿನಪ್ಪನೋರ ಮಾಲು ನೋಡಿ ನಮ್ಮಪ್ಪ ವಾಪಸ್ ಕಳಿಸಿದ್ರು. ನಾನು ಅಲ್ಲೇ ಇದ್ದೆ. ಅವರು ತುಂಬಿದ ಟ್ರ್ಯಾಕ್ಟರ್ ತಿರುಗಿಸ್ಕೊಂಡು ಹೋದ್ರು. ವರ್ಷದ ಬೆವರು ಹಂಗೆ ಹೋಗಬಾರದು ಅನ್ನಿಸ್ತು. ಕಾಳು ಒಣಗಿಸಿ ಕಾಪಾಡೋದನ್ನ ಚೆನ್ನಾಗಿ ಕಲಿತು ಬಂದು, ಇಲ್ಲೇ ಮಾಡಬೇಕು."

ಅಧಿಕಾರಿ ತಮ್ಮ ಅಧಿಕಾರ ಮರೆತರು. "ಇದು ನಿನ್ನ ಮನಸ್ಸಿನಾಗೆ ಇತ್ತೇನವ್ವ?"

"ನೀವು ಯಾವತ್ತೂ ಕೇಳಲಿಲ್ಲ ಅಪ್ಪ."

ವಾಮದೇವಪ್ಪ ಕನ್ನಡಕ ತೆಗೆದು ಪಂಚೆಯ ಚುಂಗಲ್ಲಿ ಒರೆಸಿಕೊಂಡರು. ಎಂಥ ಮಗಳನ್ನ ಕೊಟ್ಟೆಯಪ್ಪ ಶಿವನೇ ಅಂತ ಶಕುಂತಲಮ್ಮ ಮನಸ್ಸಿನಲ್ಲೇ ಕೈ ಮುಗಿದರು. ಏಜೆಂಟ್ ಮತ್ತೆ ಫೋನ್ ಮಾಡಿದಾಗ "ನಿನ್ನ ಕಾಗದ ನಮಗೆ ಬ್ಯಾಡಪ್ಪ" ಅಂದವರು ವಾಮದೇವಪ್ಪನೇ.

ಆಮೇಲಿನ ಭಾನುವಾರಗಳಲ್ಲೂ ಅಖ್ತರ್ ಬಾನು ಬಂದಳು. ತಡವರಿಸಿದರೂ ಪರವಾಗಿಲ್ಲ, ಪ್ರಶ್ನೆ ತಿಳಿಯದಿದ್ದರೆ ಇನ್ನೊಮ್ಮೆ ಹೇಳ್ರಿ ಅಂತ ಕೇಳಬಹುದು ಅಂತ ಧೈರ್ಯ ತುಂಬಿದಳು.

ಎರಡನೇ ಸಂದರ್ಶನದ ದಿನ ಚೆನ್ನೈನಲ್ಲಿ ಅಪ್ಪ ಅಮ್ಮನನ್ನ ಒಳಗೆ ಬಿಡಲಿಲ್ಲ. ಹೊರಗೆ ಬಿಸಿಲಲ್ಲಿ ನಿಂತ ಶಕುಂತಲಮ್ಮನಿಗೆ ಯಾವ ಮಂತ್ರವೂ ನೆನಪಾಗಲಿಲ್ಲ. ರಶ್ಮಿತಾ ಹೊರಗೆ ಬಂದವಳೇ ಅಮ್ಮನ ಹೆಗಲಿಗೆ ಮುಖ ಒರಗಿಸಿ "ಕೊಟ್ರಮ್ಮ" ಅಂದಳು. "ಅಪ್ಪ ಸಗಟು ವ್ಯಾಪಾರಿ, ನನ್ನ ಓದಿಗೆ ಅಂತ್ಲೇ ಕೂಡಿಟ್ಟಾರೆ ಅಂದೆ. ಬೂಷ್ಟಿನ ವಿಷಯ ಹೇಳಿದ್ದಕ್ಕೆ ಅವರೇ ಇನ್ನೂ ಎರಡು ಪ್ರಶ್ನೆ ಕೇಳಿದ್ರು."

ಊರಿಗೆ ಬಂದವರು ನೆಟ್ಟಗೆ ಹರಿಹರಕ್ಕೆ ಹೋದರು. ಶಕುಂತಲಮ್ಮ ಅಖ್ತರ್ ಬಾನುವಿನ ಎರಡೂ ಕೈ ಹಿಡಿದುಕೊಂಡರು. "ನಿನ್ನ ಋಣ ಹೆಂಗೆ ತೀರಿಸಲವ್ವ? ನೀನು ಬರದೇ ಇದ್ದಿದ್ರೆ ನನ್ನ ಮಗಳ ಮನಸ್ಸು ನನಗೇ ಗೊತ್ತಾಗ್ತಿರಲಿಲ್ಲ."

ತಂದೆ ತಾಯಿಗಳೇ, ವೀಸಾ ಸಿಕ್ಕೇ ಸಿಗುತ್ತೆ ಅಂತ ಯಾರೂ ಹೇಳೋಕಾಗಲ್ಲ. ಆದರೆ ಸತ್ಯ ಹೇಳೋಕೆ, ತಿಳಿದು ಹೇಳೋಕೆ ಮಕ್ಕಳನ್ನ ತಯಾರು ಮಾಡೋದು ನಮ್ಮ ಕೈಲೈತೆ. ಬಾಯಿಪಾಠ ಬಿಡಿಸ್ರಿ. ಸುಳ್ಳು ಕಾಗದಕ್ಕೆ ಕೈ ಹಾಕಬ್ಯಾಡ್ರಿ. ಓದಿ ಬಂದವರು ಹತ್ತಿರದಲ್ಲಿದ್ದರೆ ಸಂಕೋಚ ಬಿಟ್ಟು ಕರೀರಿ. ಮೊದಲು ಇವತ್ತೇ ಊಟಕ್ಕೆ ಕೂತಾಗ ನಿಮ್ಮ ಮಗಳನ್ನೋ ಮಗನನ್ನೋ ಕೇಳ್ರಿ: "ನೀನು ಯಾಕ ಇದನ್ನ ಓದಬೇಕು ಅಂತೀಯ?" ಆ ಉತ್ತರವನ್ನ ಪರದೇಶದ ಅಧಿಕಾರಿಗಿಂತ ಮೊದಲು ನೀವು ಕೇಳಿಸಿಕೊಳ್ರಿ.